ಕೆರೆ ತೋಡಿದವರ ಹೆಸರು

ನಾನು ಮಾನವಶಾಸ್ತ್ರದವನು. ಜಗತ್ತನ್ನು ಕಟ್ಟಿಯೂ ಚರಿತ್ರೆಯಲ್ಲಿ ಜಾಗ ಸಿಗದ ಜನರ ಬಗ್ಗೆ, ಎಲ್ಲರಿಗೂ ಅರ್ಥವಾಗುವಂಥ ಪುಸ್ತಕ ಬರೆಯುತ್ತೇನೆ. ಈ ಸಲ ಬರೆದದ್ದು ಕೆರೆ ತೋಡಿದವರ ಕಥೆ. ರಾಜಾಜಿನಗರದ ಡಿಟಿಪಿ ಅಂಗಡಿಯಲ್ಲಿ ಕೊನೆಯ ಅಧ್ಯಾಯ ಟೈಪ್ ಮಾಡುತ್ತಿದ್ದ ಮಂಜುಳಾ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದರು.

"ಸಾರ್, ಈ ಸಾಲು ನಾನು ಹಾಕಲ್ಲ."

ನನಗೆ ಬಹಳ ಇಷ್ಟವಾಗಿದ್ದ ಸಾಲು ಅದು: 'ಕೆಂಗೇರಿ ಕಡೆಯ ಈ ಕೆರೆ ತೋಡಿದವರ ಹೆಸರು ಯಾರಿಗೂ ಗೊತ್ತಿಲ್ಲ.'

"ಯಾಕಮ್ಮಾ?"

"ನನಗೆ ಗೊತ್ತು. ತೋಡಿದೋರು ನಮ್ಮೋರೇ. ಮಾರ್ಲಮಿ ಹಬ್ಬಕ್ಕೆ ಹಿರೀಕರಿಗೆ ಎಡೆ ಇಡುವಾಗ ನಮ್ಮಜ್ಜಿ ಒಬ್ಬೊಬ್ಬರ ಹೆಸರೂ ಕರೀತಿದ್ರು. ಈಗ ನಾನು ಕರೀತೀನಿ. ನೀವು ಯಾರನ್ನ ಕೇಳಿದ್ರಿ ಸಾರ್?"

ನಾನು ನೋಡಿದ್ದು ಶಾಸನಗಳನ್ನು, ಗೆಜೆಟಿಯರ್‌ಗಳನ್ನು. ಮನುಷ್ಯರನ್ನು ಕೇಳುವುದೇ ನನ್ನ ಕಸುಬು, ಅದನ್ನೇ ಬಿಟ್ಟಿದ್ದೆ. ನಾಚಿಕೆಯಾಯಿತು.

"ಹೇಳಿ, ಬರ್ಕೋತೀನಿ" ಎಂದೆ.

ಅವರು ಚಪ್ಪಲಿ ಬಿಟ್ಟು ಎದ್ದು ನಿಂತರು. ದೊಡ್ಡಮುನಿಯಪ್ಪ, ಗಂಗಮ್ಮ, ಕುಂಟ ತಿಮ್ಮಯ್ಯ, ಬಸುರಿಯಾಗಿದ್ದೂ ಮಣ್ಣು ಹೊತ್ತ ಹನುಮಕ್ಕ... ಹತ್ತೊಂಬತ್ತು ಹೆಸರು ಹೇಳಿದರು, ಎಲ್ಲೂ ತಡವರಿಸಲಿಲ್ಲ. ಜೆರಾಕ್ಸ್ ಮಾಡಿಸಲು ಬಂದಿದ್ದವರೂ ನಿಂತು ಕೇಳಿದರು. ಆಮೇಲೆ ನನ್ನ ಸಾಲನ್ನು ತಾವೇ ಅಳಿಸಿ, ಆ ಹೆಸರುಗಳನ್ನೆಲ್ಲ ಬೇರೆಯದೇ ಒಂದು ಪುಟದಲ್ಲಿ ದಪ್ಪ ಅಕ್ಷರದಲ್ಲಿ ಟೈಪ್ ಮಾಡಿದರು.

"ಕೆಳಗೆ 'ಹೇಳಿದವರು ಮಂಜುಳಾ' ಅಂತ ಸೇರಿಸಿ" ಎಂದೆ.

"ದೊಡ್ಡಮುನಿಯಪ್ಪನವರ ವಂಶದ ಮಂಜುಳಾ ಅಂತ ಹಾಕ್ತೀನಿ ಸಾರ್" ಎಂದು ತಲೆಯೆತ್ತಿ ಹೇಳಿದರು. ನನ್ನ ಯಾವ ಪುಸ್ತಕದ ಬಗ್ಗೆಯೂ ನನಗೆ ಅವರಷ್ಟು ಹೆಮ್ಮೆಯಾಗಿರಲಿಲ್ಲ.

ಪುಸ್ತಕ ಹೊರಬಂತು. ವಿಮರ್ಶಕರೊಬ್ಬರು ಅದೇ ಪುಟವನ್ನು ಎತ್ತಿ ತೋರಿಸಿ, ಲೇಖಕರ ಶೈಲಿ ಇಲ್ಲಿ ತುತ್ತತುದಿ ಮುಟ್ಟಿದೆ ಎಂದು ಹೊಗಳಿದ್ದಾರೆ. ಇಡೀ ಪುಸ್ತಕದಲ್ಲಿ ನಾನು ಬರೆಯದ ಪುಟ ಅದೊಂದೇ.