ಆಯಿಯ ಬಾಯಿಗೆ ನೀರು ಬಿಟ್ಟವನು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆ ರಾತ್ರಿ ನಾನು ಕುಡಿದಿರಲಿಲ್ಲ, ಮೈಯಲ್ಲಿ ಜ್ವರವೂ ಇರಲಿಲ್ಲ. ದೆವ್ವ ಗಿವ್ವ ಎಂದವರನ್ನು ಎದುರಿಗೇ ಗೇಲಿ ಮಾಡುವ ಆಸಾಮಿ ನಾನು. ಆದರೂ ಇದು ನಡೆದದ್ದು ನಮ್ಮ ಮನೆಯಲ್ಲೇ, ಪಾಮನಕಲ್ಲೂರಿನಲ್ಲಿ. ಅಲ್ಲಿದ್ದ ಹನ್ನೊಂದು ಮಂದಿ ಈಗಲೂ ಗಟ್ಟಿಮುಟ್ಟಾಗಿದ್ದಾರೆ. ಅವರನ್ನು ಕೇಳಿದರೆ ಮಾತ್ರ ಹೆದರುವಂಥದ್ದು ಏನೂ ನಡೆದೇ ಇಲ್ಲ ಎನ್ನುತ್ತಾರೆ... ನನ್ನ ಹೆದರಿಕೆ ಇರುವುದೇ ಅಲ್ಲಿ.

ಸಿಂಧನೂರಿನ ಒಂದು ಲ್ಯಾಬಿನಲ್ಲಿ ಆರು ವರ್ಷ ಮಂದಿಯ ರಕ್ತ, ಮೂತ್ರ ನೋಡಿ ನೋಡಿ ತಲೆ ಕೆಟ್ಟು ಕೆಲಸ ಬಿಟ್ಟಿದ್ದೆ. ಬೆನ್ನಿಗೊಂದು ಚೀಲ ಏರಿಸಿಕೊಂಡು ಥಾಯ್ಲೆಂಡ್, ಕಾಂಬೋಡಿಯಾ, ವಿಯೆಟ್ನಾಂ, ಲಾವೋಸ್ ಅಂತ ಏಳು ತಿಂಗಳು ತಿರುಗಿದೆ. ಊರಲ್ಲಿ ನಾನು ಸಿದ್ದಪ್ಪ. ಅಲ್ಲಿ ಸಿಡ್. ಯಾರ ಮಗ, ಯಾರ ಪೈಕಿ, ಯಾವ ಓಣಿ ಎಂದು ಕೇಳುವವರೇ ಇಲ್ಲ. ಆಹಾ, ಏನು ಸುಖ ಅಂತೀರಿ!

ಒಂದು ಊರಲ್ಲಿ ಬೆಂಗಳೂರಿನವನು ಎಂದೆ, ಮುಂದಿನ ಊರಲ್ಲಿ ಮುಂಬೈಯವನು ಎಂದೆ. ಕಾಂಬೋಡಿಯಾದಲ್ಲಿ ಹಣ್ಣು ಮಾರುವ ಮುದುಕಿಯೊಬ್ಬಳು ನನ್ನನ್ನು ತಮ್ಮವನೇ ಎಂದುಕೊಂಡು ಅವರ ಭಾಷೆಯಲ್ಲೇ ಬೈದಳು. ಆ ಬೈಗುಳಕ್ಕೆ ಖುಷಿಪಟ್ಟೆ. ಎಂಟು ಮಂದಿ ಒಟ್ಟಿಗೆ ಮಲಗುವ ಬಾಡಿಗೆ ಕೋಣೆಯಲ್ಲಿ ಜರ್ಮನಿಯ ಹುಡುಗಿಯೊಬ್ಬಳು ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದಳು. ಯಾರೂ ಇಲ್ಲ ಎಂದುಬಿಟ್ಟೆ. ಹೇಳುವಾಗ ನಾಲಗೆ ಒಂದಿಷ್ಟೂ ತಡವರಿಸಲಿಲ್ಲ.

ಮನೆಯಲ್ಲಿ ಅವ್ವ ಇದ್ದಳು, ಅಕ್ಕ ರೇಣುಕಾ ಇದ್ದಳು, ಆಯಿ ಇದ್ದಳು. ಆಯಿ ಎಂದರೆ ಅಪ್ಪನ ತಾಯಿ. ನನಗೆ ಎರಡು ವರ್ಷವಿದ್ದಾಗ ಅಪ್ಪ ತೀರಿಕೊಂಡ. ಅವ್ವ ಕೂಲಿಗೆ ಹೋದರೆ ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ಆಯಿ.

ಲಾವೋಸಿನಲ್ಲಿದ್ದಾಗ ಅಕ್ಕನ ಫೋನು ಬಂತು.

"ಆಯಿ ಅನ್ನ ಬಿಟ್ಟಾಳೋ ಸಿದ್ದ್ಯಾ. ಲಿಂಗಸುಗೂರಾಗ ಡಾಕ್ಟರು ಇನ್ನ ಮನಿಗೆ ಕರಕೊಂಡ ಹೋಗ್ರಿ ಅಂದ್ರು. ನಿನ್ನ ಹೆಸರೊಂದಽ ತಗೀತಾಳ. ನಿನ್ನ ಮ್ಯಾಲೆ ಜೀವ ಇಟ್ಕೊಂಡಾಳ, ಲಗೂನ ಬಾರೋ."

"ಬರ್ತೀನಿ, ಟಿಕೆಟ್ ನೋಡ್ತೀನಿ," ಅಂದೆ.

ನೋಡಲಿಲ್ಲ. ದೊಡ್ಡ ಹೊಳೆಯಲ್ಲಿ ಎರಡು ದಿನದ ದೋಣಿ ಪ್ರಯಾಣಕ್ಕೆ ಆಗಲೇ ಹೆಸರು ಬರೆಸಿದ್ದೆ. ಮುದುಕಿ ನಾಲ್ಕು ವರ್ಷದಿಂದ ಸಾಯುತ್ತಲೇ ಇದ್ದಾಳೆ, ಇನ್ನೊಂದು ವಾರ ತಡೆಯುತ್ತಾಳೆ ಅಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ. ಈಗ ಮುಚ್ಚಿಟ್ಟು ಏನು ಮಾಡಲಿ?

ನಮ್ಮ ಕಡೆ ಒಂದು ರೂಢಿ ಇದೆ. ಸಾಯುವವರ ಜೀವ ಯಾರ ಸಲುವಾಗಿಯೋ ತಡೆದಿದೆ ಎನಿಸಿದರೆ ಆ ಮನುಷ್ಯನನ್ನೇ ಕರೆಸಿ ಬಾಯಿಗೆ ಮೂರು ಚಮಚ ನೀರು ಬಿಡಿಸುತ್ತಾರೆ. ಆಗ ಜೀವ ನೆಮ್ಮದಿಯಿಂದ ಹೋಗುತ್ತದೆ ಎಂಬ ನಂಬಿಕೆ. ಅಷ್ಟಾದರೂ ಮಾಡಬೇಕು ಎಂಬ ಬುದ್ಧಿ ನನಗೆ ಬಂದದ್ದು ದೋಣಿಯಿಂದ ಇಳಿದ ಮೇಲೆ.

ವಿಮಾನ ಹಿಡಿದು ಬೆಂಗಳೂರು, ಅಲ್ಲಿಂದ ಬಸ್ಸು. ಸಿಂಧನೂರಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಫೋನಿನ ಚಾರ್ಜು ಮುಗಿದಿತ್ತು. ನಮ್ಮೂರಿನ ದಾರಿಯ ಮಸ್ಕಿ ಬಸ್ಸು ನಿಂತಿದ್ದು ನೋಡಿ ಓಡಿ ಹತ್ತಿದೆ. ಏಳೂ ಹತ್ತಕ್ಕೆ ಕಂಡಕ್ಟರು ಟಿಕೆಟ್ ಹರಿದು ಕೊಟ್ಟ.

ಅರ್ಧ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಎರಡೂ ಕಡೆ ಭತ್ತದ ಗದ್ದೆ. ಹೊಡೆದ ಔಷಧಿಯ ವಾಸನೆ, ಕಪ್ಪೆಗಳ ಗದ್ದಲ. ಡ್ರೈವರ್ ಬಾನೆಟ್ ತೆಗೆದು ಯಾರನ್ನೋ ಬೈಯುತ್ತಿದ್ದ. ಇನ್ನೊಂದು ಬಸ್ಸು ಬರುತ್ತದೆ, ಕುಂದ್ರಿ ಎಂದರು. ಕುಳಿತೆ. ದೇವರೇ, ಇವತ್ತೊಂದು ರಾತ್ರಿ ತಡೆಯಲಿ ಎಂದು ಬೇಡಿಕೊಂಡೆ.

ಎಂಟೂವರೆ ಸುಮಾರಿಗೆ ನನ್ನ ಬಲಗೈ ಬೆರಳು ತಣ್ಣಗಾದವು... ನೋಡಿದರೆ ಒದ್ದೆ. ಕಿಟಕಿ ಮುಚ್ಚಿತ್ತು, ಮಳೆ ಇರಲಿಲ್ಲ, ನನ್ನ ಬಾಟಲಿ ಖಾಲಿಯಾಗಿ ಚೀಲದಲ್ಲಿತ್ತು. ಪ್ಯಾಂಟಿಗೆ ಒರೆಸಿಕೊಂಡೆ. ಮತ್ತೆ ಒದ್ದೆಯಾಯಿತು. ಮೂರನೆಯ ಸಲ ಒರೆಸಿಕೊಂಡ ಮೇಲೆ ನಿಂತಿತು. ಬೆವರು ಇರಬೇಕು ಎಂದು ಸುಮ್ಮನಾದೆ.

ಮಸ್ಕಿ ಮುಟ್ಟಿದಾಗ ಒಂಬತ್ತೂವರೆ. ಒಂದು ಟಂಟಂ ಆಟೋದವನಿಗೆ ಕೈಮುಗಿದು ಊರಿಗೆ ಕರೆದುಕೊಂಡು ಹೋಗು ಎಂದೆ. ನಮ್ಮ ಓಣಿಯ ತಿರುವಿನಲ್ಲಿ ಇಳಿದೆ. ಅಳುವ ದನಿ ಕೇಳಿಸಿತು.

ಕಟ್ಟೆಯ ಮೇಲೆ ಗಂಡಸರು ಕುಳಿತಿದ್ದರು. ಏಳು ತಿಂಗಳ ಮೇಲೆ ಬಂದವನನ್ನು ಯಾರೂ ಯಾವಾಗ ಬಂದಿ ಎನ್ನಲಿಲ್ಲ. ಒಬ್ಬ ಸರಿದು ದಾರಿ ಬಿಟ್ಟ, ಅಷ್ಟೇ. ಪಡಸಾಲೆಯಲ್ಲಿ ಊದುಬತ್ತಿಯ ಹೊಗೆ. ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ತಲೆ ಎತ್ತಿ ನೋಡಿದ.

"ಎಲ್ಲಿ ಹೋಗಿದ್ದಿಲೇ ಎದ್ದು? ಬಾ, ಆಯಿ ಕಾಲ ಕಡಿ ಕುಂದ್ರು."

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಬೆನ್ನು ನೋಡಿದಳು.

"ಮತ್ಯಾಕ ಚೀಲ ಹಾಕ್ಕೊಂಡಿಯೋ? ಈಗರ ಇಳಿಸಿ ಇಟ್ಟಿದ್ಯಲ್ಲ..."

ಅಕ್ಕನ ಹತ್ತಿರ ಹೋಗಿ ಆಯಿ ಯಾವಾಗ ಹೋದಳು ಎಂದು ಪಿಸುಗುಟ್ಟಿದೆ. ಅವಳು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಮುಂದಿದೆ.

"ಏನ್ ಕೇಳ್ತೀಯೋ? ನೀ ನೀರ ಬಿಟ್ಟಿ, ಆಕಿ ಹೋದ್ಲು. ಹಿತ್ತಲಕ್ಕ ಹೋಗಿ ಬರ್ತೀನಿ ಅಂತ ಎದ್ದಿ. ಈಗ ನೋಡಿದ್ರ ಮುಂದಿನ ಬಾಗಲಿಂದ ಬಂದಿ."

ನಮ್ಮ ಹಿತ್ತಲಿಗೆ ಮೂರು ಕಡೆ ಆಳೆತ್ತರದ ಗೋಡೆ. ಹೊರಗೆ ಹೋಗಲು ಬಾಗಿಲೇ ಇಲ್ಲ.

ಆಯಿಯ ಮುಖ ನೋಡಿದೆ. ದಿಂಬು ತೊಯ್ದಿತ್ತು, ಕುಪ್ಪಸದ ಎದೆಯೆಲ್ಲ ತೊಯ್ದಿತ್ತು. ದವಡೆಯ ಎರಡೂ ಕಡೆ ಬೆರಳಿನ ಗುರುತು ಕಪ್ಪಾಗಿ ಮೂಡಿದ್ದವು. ಅಷ್ಟು ಗಟ್ಟಿಯಾಗಿ ಹಿಡಿದವರು ಯಾರು?

ಅಕ್ಕನನ್ನು ಹಿತ್ತಲಿಗೆ ಎಳೆದುಕೊಂಡು ಹೋದೆ. ಅಲ್ಲಿ ಹೆಣಕ್ಕೆ ಮೈ ತೊಳೆಸಲು ಹಂಡೆಯಲ್ಲಿ ನೀರು ಕಾಯುತ್ತಿತ್ತು. ವೇಳೆ ಅಚ್ಚಾಗಿದ್ದ ಬಸ್ಸಿನ ಟಿಕೆಟ್ ಅವಳ ಕೈಗಿಟ್ಟೆ.

"ನಾ ಈಗ ಬರಾಕತ್ತೀನಿ ಅಕ್ಕ. ಏಳು ಗಂಟಿಗೆ ಸಿಂಧನೂರಾಗ ಇದ್ದೆ. ಬಸ್ಸು ಕೆಟ್ಟು ದಾರ್‍ಯಾಗ ಕುಂತಿದ್ದೆ. ನೀರು ಬಿಟ್ಟಾಂವ ನಾ ಅಲ್ಲ."

ಅವಳು ಬಲ್ಬಿನ ಕೆಳಗೆ ಅದನ್ನು ಎರಡು ಸಲ ಓದಿದಳು. ಆಮೇಲೆ ಅದನ್ನು ಒಲೆಗೆ ಹಾಕಿದಳು.

"ಅವ್ವನ ಮುಂದ ಈ ಮಾತು ಎತ್ತಬ್ಯಾಡ," ಎಂದಳು. "ನಿನಗ ಕೈ ಮುಗೀತೀನಿ."

"ಯಾಕ? ಏನಾತು, ಅದನ್ನರ ಹೇಳು."

ಹೇಳಿದಳು, ಉರಿಯುವ ಒಲೆಯನ್ನೇ ನೋಡುತ್ತ. ಎಂಟೂವರೆಗೆ ಅವನು ಬಂದನಂತೆ. ಅದೇ ಚೀಲ, ಅದೇ ಗಡ್ಡ, ಅದೇ ನಡಿಗೆ. ಮನೆಮಂದಿಗೆಲ್ಲ ಹೋದ ಜೀವ ಬಂದಂತಾಯಿತಂತೆ. ಆಯಿ ಕಣ್ಣು ಬಿಟ್ಟಳು. ಅವನನ್ನು ನೋಡಿ ಗೋಡೆಯ ಕಡೆ ಮುಖ ತಿರುಗಿಸಿದಳು.

"'ಇಂವ ಅಲ್ಲ, ನಮ್ಮ ಸಿದ್ದ್ಯಾ ಅಲ್ಲ, ಹೊರಗ ಕಳಸ್ರಿ' ಅಂದ್ಲು. ದೊಡ್ಡಪ್ಪ, 'ಬುದ್ಧಿ ತಪ್ಪೇತಿ, ಗುರ್ತು ಸಿಗವಲ್ದು' ಅಂದ. ಆಕಿ ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡ್ಲು. ದೊಡ್ಡಪ್ಪ ದವಡಿ ಹಿಡದು ಬಾಯಿ ತಗಸಿದ. ಅವ್ವ ಎರಡೂ ಕೈ ಹಿಡದ್ಲು. ಚಮಚಾ ಕೊಟ್ಟಾಕಿ ನಾನಽ..."

"ಕುಡದ್ಲೇನು?"

"ಎರಡು ಸಲ ಉಗುಳಿದ್ಲು. ಮೂರನೇದು ಒಳಗ ಹೋತು."

ಏಳು ತಿಂಗಳು ನನ್ನನ್ನು ಯಾರೂ ಗುರುತಿಸದಿದ್ದರೆ ಸಾಕು ಎಂದು ತಿರುಗಿದವನು ನಾನು. ಅಷ್ಟು ಮಂದಿಯಲ್ಲಿ ಒಬ್ಬಳಿಗೆ ಮಾತ್ರ ನಾನು ಯಾರು ಎಂಬುದು ಸರಿಯಾಗಿ ಗೊತ್ತಿತ್ತು. ಅವಳನ್ನು ನಮ್ಮವರೇ ಹಿಡಿದು ಬಾಯಿ ಬಿಡಿಸಿದ್ದರು. ಎಂಥ ಪಾಪಿ ನಾನು! ಒಂದು ದಿನ ಮೊದಲು ಬಂದಿದ್ದರೆ ಸಾಕಿತ್ತು.

ಒಳಗೆ ಹೋದಾಗ ಅವ್ವ ನನ್ನ ತಲೆ ಸವರಿದಳು. ಅವಳ ಮುಂಗೈ ಮೇಲೆ ಆಯಿಯ ಉಗುರು ಕೆರೆದ ಗೆರೆಗಳಿದ್ದವು.

"ಕಡೀಕ ನಿನ್ನ ಗುರ್ತು ಹಿಡಿಲಿಲ್ಲಂತ ಮನಸಿಗೆ ಹಚ್ಚಿಗೋಬ್ಯಾಡಪ. ನೀರಂತೂ ನಿನ್ನ ಕೈಲೆ ಕುಡದು ಹೋಗ್ಯಾಳ. ಅಷ್ಟಽ ಬೇಕಾಗಿತ್ತು ಆಕಿಗೆ."

ನಾನಲ್ಲ ಎಂದರೆ, ಅವ್ವ ಆ ಕೈಗಳನ್ನು ಏನು ಮಾಡಿಕೊಂಡಾಳು?

"ಹೂಂ ಬೇ," ಅಂದೆ.

ಮಣ್ಣು ಕೊಟ್ಟು ಬಂದ ಮೇಲೆ ಮಾತಾಡಿಸಲು ಬಂದವರಿಗೆಲ್ಲ ಅದನ್ನೇ ಹೇಳಿದೆ. ಹೌದು ರೀ, ನಾನೇ ನೀರು ಬಿಟ್ಟೆ ರೀ, ನೆಮ್ಮದಿಯಿಂದ ಹೋದಳು ರೀ. ಪುಣ್ಯವಂತ ಮೊಮ್ಮಗ ಎಂದು ಹೊಗಳಿದರು. ಹಿತ್ತಲಿಗೆ ಹೋದವನು ಯಾರು, ಎಲ್ಲಿಂದ ಬಂದ, ನನ್ನ ಮುಖ ಅವನಿಗೆ ಹೇಗೆ ಸಿಕ್ಕಿತು... ಯೋಚಿಸಿದರೆ ಹುಚ್ಚು ಹಿಡಿಯುತ್ತದೆ. ಅಕ್ಕ ಆ ವಿಷಯ ಮತ್ತೆ ಎತ್ತಿಲ್ಲ.

ಈಗ ಮತ್ತೆ ಸಿಂಧನೂರಿನ ಲ್ಯಾಬಿಗೇ ಹೋಗುತ್ತೇನೆ, ದಿನವೂ ಊರಿಗೆ ತಿರುಗಿ ಬರುತ್ತೇನೆ. ಅಕ್ಕ ಗಂಡನ ಮನೆಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ, ಅವ್ವ ಮತ್ತು ನಾನು. ಕಳೆದ ತಿಂಗಳು ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. ನನ್ನ ಕಡೆ ತಿರುಗಲಿಲ್ಲ.

"ಒಂದ್ ಮಾತು ಕೇಳ್ಲೇನು? ಸಿಟ್ಟಾಗಬ್ಯಾಡ."

"ಕೇಳು ಬೇ."

"ಅವತ್ತು ಆಯಿ ಬ್ಯಾಡ ಬ್ಯಾಡ ಅಂತ ಒದ್ದಾಡಾಕತ್ತಿದ್ಲು. ನಾವೆಲ್ಲ ಅಳಾಕತ್ತಿದ್ವಿ..." ಅವ್ವನ ದನಿ ಇಳಿಯಿತು. "ನೀ ಯಾಕ ನಗಾಕತ್ತಿದ್ದಿ, ಸಿದ್ದ್ಯಾ?"

ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು. ಆದರೆ ಆವತ್ತಿನಿಂದ ಅವ್ವ ರಾತ್ರಿ ತನ್ನ ಕೋಣೆಗೆ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗುತ್ತಾಳೆ.