ಸಾರವಾಡದ ಹೊಲದಲ್ಲಿ ನನ್ನ ಪಾಲು

ಈ ಪ್ರಯಾಣದ ಕಥೆ ಬರೆಯುವುದನ್ನು ಎರಡು ವರ್ಷದಿಂದ ಮುಂದೂಡುತ್ತ ಬಂದಿದ್ದೇನೆ. ಪ್ರಯಾಣ ಒಂದೇ ದಿನದ್ದು. ಆದರೆ ಬರೆಯಲು ಕೂತರೆ ನನ್ನ ಹರೆಯದ ಒಂದು ಮಧ್ಯಾಹ್ನದ ಮಾತನ್ನೂ ಹೇಳಬೇಕಾಗುತ್ತದೆ. ಅದಕ್ಕೇ ಕೈ ಹಿಂಜರಿಯುತ್ತಿತ್ತು.

ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ಎಂಟಕ್ಕೆ ವಿಜಯಪುರದಲ್ಲಿ ತಿಕೋಟಾ ಬಸ್ಸು ಹತ್ತಿದೆ. ಬಸ್ಸಿನ ತುಂಬ ಬುತ್ತಿಯ ಬುಟ್ಟಿಗಳು. ಅಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ಹಿಡಿದು, ಅಡುಗೆಯನ್ನು ಬೆಳೆಯ ನಡುವೆ ಚೆಲ್ಲುತ್ತಾರೆ. ಅದೇ ಚರಗ. ಮನುಷ್ಯರ ಊಟ ಏನಿದ್ದರೂ ಆಮೇಲೆ. ಪಕ್ಕದ ಹೆಂಗಸು ಜಾಗ ಸಾಲದೆ ತನ್ನ ಬುಟ್ಟಿಯನ್ನು ನನ್ನ ತೊಡೆಯ ಮೇಲಿಟ್ಟು, “ಹಿಡಕೊಂಡ ಕುಂಡ್ರರಿ ಅಜ್ಜಾರ, ಆದ್ರ ಮೂಸಿಗೀಸಿ ನೋಡೀರಿ ಮತ್ತ, ಭೂಮ್ತಾಯಿ ಇನ್ನೂ ಉಂಡಿಲ್ಲ” ಎಂದಳು. ಸಜ್ಜಿ ಕಡಬಿನ ಬಿಸಿ ಧೋತರದ ಒಳಗೂ ತಾಗುತ್ತಿತ್ತು. ನಾನು ಮುಖ ಕಿಟಕಿಯ ಕಡೆ ತಿರುಗಿಸಿದೆ. ತೊರವಿಯ ಹೊಸ ಕಟ್ಟಡಗಳು ಮುಗಿದ ಮೇಲೆ ಕಪ್ಪು ನೆಲ, ಎದೆಯೆತ್ತರದ ಜೋಳ, ದ್ರಾಕ್ಷಿ ಪಡಗಳು. ಚಳಿಗಾಲದ ಬಿಸಿಲಲ್ಲಿ ನಮ್ಮ ಸೀಮೆ ಇಷ್ಟು ಚೆಂದವೆಂದು ಸೈಕಲ್ಲು ತುಳಿಯುವ ದಿನಗಳಲ್ಲಿ ನನಗೆ ಕಂಡಿರಲಿಲ್ಲ.

ಮೆಟ್ರಿಕ್ ಮುಗಿಸಿ ಮೂರು ತಿಂಗಳ ತರಬೇತಿ ಪಡೆದು ನಾನು ನಮ್ಮ ಕ್ರೈಸ್ತ ಸಭೆಯ ಉಪದೇಶಿಯಾಗಿದ್ದೆ. ಸುವಾರ್ತೆ ಸಾರಲು ಸೈಕಲ್ಲಿನಲ್ಲಿ ಸಾರವಾಡದ ಕಡೆ ಹೋದಾಗಲೆಲ್ಲ ಒಬ್ಬ ರೈತ ಹೆಂಗಸು ಕರೆದು ಮಜ್ಜಿಗೆ ಕೊಡುತ್ತಿದ್ದಳು. ಒಂದು ಎಳ್ಳ ಅಮಾವಾಸ್ಯೆಗೆ ಊಟಕ್ಕೂ ಕೂರಿಸಿದಳು. ತುಂಬಿದ ಪಂಕ್ತಿಯಲ್ಲಿ ನಾನು, ದೆವ್ವಗಳ ಎಂಜಲು ಮುಟ್ಟುವುದಿಲ್ಲ ಎಂದು ತಾಟನ್ನು ದೂಡಿದೆ. ಕಡಬು ಮಣ್ಣಿಗೆ ಉರುಳಿತು. ಆಕೆ ಅದನ್ನು ಎತ್ತಿಕೊಂಡು ಎತ್ತಿನ ಮುಂದೆ ಇಟ್ಟಳು. ಮತ್ತೆ ನಾನು ಆ ಹೊಲದ ಕಡೆ ಸುಳಿಯಲಿಲ್ಲ. ಈಗ ಹೊರಟದ್ದು ಆಕೆಯ ಮುಂದೆ ನಿಂತು ಕ್ಷಮೆ ಕೇಳಲು.

ತಿಕೋಟಾದಲ್ಲಿ ನಿವೃತ್ತ ಅಯ್ಯನವರೊಬ್ಬರಿದ್ದಾರೆ, ದೇವಶಾಸ್ತ್ರ ಓದಿದ ಪಾದ್ರಿ. ಧೈರ್ಯಕ್ಕೆಂದು ಅವರ ಮನೆಗೆ ಹೋದೆ. ಚಹಾ ಕೊಟ್ಟು ಎಲ್ಲವನ್ನೂ ಕೇಳಿದರು. ಪರಧರ್ಮದವರ ವಿಷಯದಲ್ಲಿ ನಮ್ಮವರು ಒಂದೇ ಉತ್ತರ ಕೊಟ್ಟಿಲ್ಲ ಎಂದರು. ಕ್ರಿಸ್ತನನ್ನು ಅರಿತು ನಂಬಿದವರಿಗೆ ಮಾತ್ರ ರಕ್ಷಣೆ ಎನ್ನುವವರಿದ್ದಾರೆ. ರಕ್ಷಿಸುವವನು ಕ್ರಿಸ್ತನೇ, ಆದರೆ ಅವನ ಹೆಸರು ಕೇಳದವರಲ್ಲೂ ಅವನ ಕೃಪೆ ಕೆಲಸ ಮಾಡುತ್ತದೆ ಎನ್ನುವವರಿದ್ದಾರೆ. ದೇವರ ಕಡೆಗೆ ದಾರಿಗಳೇ ಹಲವು ಎನ್ನುವವರೂ ಇದ್ದಾರೆ. ಮೂರನೆಯದು ತಮಗೆ ಪೂರ್ತಿ ಒಪ್ಪಿಗೆಯಾಗಿಲ್ಲ, ಎರಡನೆಯದರಲ್ಲಿ ಮುದುಕನಾದೆ ಎಂದು ನಕ್ಕರು. ಆಮೇಲೆ ನನ್ನ ಮೊಣಕಾಲು ತಟ್ಟಿ, “ನೀ ಮೊದಲನೇ ಪಾಠ ಮುಗದ ಕೂಡ್ಲೆ ಸೈಕಲ್ ಹತ್ತಿದಿ. ಸಾಲಿ ಇನ್ನೂ ಬಿಟ್ಟಿದ್ದಿಲ್ಲೋ ಮಾರಾಯಾ” ಎಂದರು. ಅಷ್ಟು ಓದಿದವರು ಅಷ್ಟು ಹಗುರಾಗಿ ಹೇಳಿದ್ದು ನನಗೆ ಬೈಗುಳಕ್ಕಿಂತ ಚೆನ್ನಾಗಿ ನಾಟಿತು.

ತಿಕೋಟಾದಿಂದ ಬಬಲೇಶ್ವರಕ್ಕೆ ಮುಕ್ಕಾಲು ತಾಸು. ಅಲ್ಲಿ ಬಸ್ಸು ಬದಲಿಸಿ ಸಾರವಾಡದಲ್ಲಿ ಇಳಿದಾಗ ಎರಡು ಗಂಟೆ ದಾಟಿತ್ತು. ಹೊಲದ ಗುರುತು ಸಿಕ್ಕಿತು. ಎತ್ತು ಕಟ್ಟುತ್ತಿದ್ದ ಬೇವಿನ ಗಿಡದ ಕೆಳಗೆ ಈಗ ಟ್ರ್ಯಾಕ್ಟರ್ ನಿಂತಿತ್ತು. ಊಟ ಬಡಿಸುತ್ತಿದ್ದ ನರೆಗೂದಲಿನ ಹೆಂಗಸು ಆಕೆಯ ಸೊಸೆ. ಅತ್ತೆ ತೀರಿಕೊಂಡು ಆರು ವರ್ಷವಾಯಿತು ಎಂದಳು. ನಾನು ಯಾರೆಂದು ಹೇಳಿದೆ. ಸೌಟು ಹಿಡಿದ ಕೈ ನಿಂತಿತು. ಬೈಯುತ್ತಾಳೆಂದು ಕಾದೆ.

“ಸೈಕಲ್ ಉಪದೇಶಿ ನೀವ ಏನ್ರಿ? ಎಷ್ಟ ವರ್ಷ ಕಾಯಿಸಿದ್ರಿ” ಎಂದು ಬುಟ್ಟಿಯ ಮೂಲೆಯಿಂದ ಬಿಳಿ ಅರಿವೆಯ ಗಂಟೊಂದನ್ನು ತೆಗೆದು ನನ್ನ ಕೈಗಿಟ್ಟಳು. “ಅತ್ತಿ ಪ್ರತಿ ವರ್ಷ ಎಡಿ ಹಿಡಿಯೂಕಿಂತ ಮೊದಲ ಇದನ್ನ ಬ್ಯಾರೆ ಕಟ್ಟತಿದ್ಳು. ಅವರ ದೇವ್ರು ಇನ್ನೊಬ್ರ ಎಂಜಲ ಒಲ್ಲೆ ಅಂತಾನಂತ, ಅವಂದ ಮೊದಲ ತಗದಿಡೂಣು, ಭೂಮ್ತಾಯಿ ಸಿಟ್ಟಾಗೂದಿಲ್ಲ ಅಂತಿದ್ಳು. ನೀವ ಬರಲಿಲ್ಲಂದ್ರ ಹಾದ್ಯಾಗ ಹೋಗೋರ್ಗೆ ಕೊಡತಿದ್ಳು. ನಾವೂ ಬಿಟ್ಟಿಲ್ಲ.”

ಎಡೆಗೆ ಮೊದಲು ಮೂಸಿ ನೋಡುವುದೂ ತಪ್ಪಾಗಿರುವ ಅಡುಗೆ ಅದು. ಭೂಮಿತಾಯಿಗಿಂತ ಮುಂಚೆ ನನ್ನ ದೇವರಿಗೆ ಪಾಲು ತೆಗೆದಿಟ್ಟಿದ್ದಳು ಆಕೆ. ಅಯ್ಯನವರು ಹೇಳಿದ ಮೂರು ಉತ್ತರಗಳಲ್ಲಿ ಇದು ಯಾವುದಕ್ಕೆ ಸೇರುತ್ತದೋ ನನಗೆ ತಿಳಿಯಲಿಲ್ಲ.

ಗಂಟನ್ನು ಅವಳ ಕೈಗೇ ಕೊಟ್ಟು, “ಇದ ಬ್ಯಾಡ, ಎಡಿ ಹಿಡದ ಚರಗದ್ದ ನೀಡವ್ವಾ” ಎಂದೆ.

“ಈಗ ನಡೀತೈತೇನ್ರಿ ನಿಮಗ?”

“ಆವತ್ತೂ ನಡೀಬೇಕಿತ್ತ.”

ಅವಳು ಕಡಬು, ಶೇಂಗಾ ಹೋಳಿಗೆ ನೀಡಿದಳು. ಪಂಕ್ತಿಯಲ್ಲಿ ಕೂತು ಎಲ್ಲರ ಕಣ್ಣೆದುರು ಉಂಡೆ. ಗಂಟನ್ನು ದಾರಿಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದವನಿಗೆ ಕೊಟ್ಟರು.

ಸಂಜೆಯ ಬಸ್ಸಿನ ಹಿಂದಿನ ಗಾಜಿನಲ್ಲಿ ಬೇವಿನ ಗಿಡ ಸಣ್ಣದಾಗುವವರೆಗೂ ನೋಡಿದೆ. ಸೊಸೆಯ ಮುಂದೆ ಕ್ಷಮೆಯ ಮಾತಾಡಿದ್ದೆ, ಆದರೆ ಅದು ಸಲ್ಲಬೇಕಾದವಳಿಗೆ ಸಲ್ಲಲಿಲ್ಲ. ಇಷ್ಟು ಬರೆದರೂ ಎಲ್ಲೂ ಆಕೆಯ ಹೆಸರು ಬರೆಯಲು ಕೈ ಬರಲಿಲ್ಲ. ನೀಲವ್ವ.