ಈಗ ಸರಿಹೋಯ್ತಲ್ಲ
"ಈಗ ಸರಿಹೋಯ್ತಲ್ಲ" ಎಂದು ಗಿರಾಕಿಗಳು ಅಂದರೆ ಸಾಕು, ಮೆಕ್ಯಾನಿಕ್ ಕೆಂಡವಾಗುತ್ತಿದ್ದ. ಟೀಚರಮ್ಮನ ಕಾರು ನಡುರಸ್ತೆಯಲ್ಲಿ ಆಗಾಗ ಆಫ್ ಆಗುತ್ತಿತ್ತು, ಗ್ಯಾರೇಜಿಗೆ ಬಂದರೆ ಮಾತ್ರ ಸಾಧು ಹಸು. ಅವರು ಹೊರಡಲು ನೋಡಿದರೆ ಇವನು ಸ್ಪ್ಯಾನರನ್ನು ಮೈಕಿನಂತೆ ಹಿಡಿದು, "ಬಿಟ್ಟು ಬಿಟ್ಟು ನಿಲ್ಲೋದು ಒಂದಿನ ನಿಂತೇ ಹೋಗುತ್ತೆ ಮೇಡಂ!" ಎಂದು ಭಾಷಣ ಬಿಗಿಯುತ್ತಿದ್ದ. ಒಂದೊಂದೇ ವೈರು ಅಲುಗಾಡಿಸುತ್ತ, ಮುನಿದ ಅಳಿಯನನ್ನು ರಮಿಸುವವನಂತೆ, "ನನ್ನೆದುರು ಒಂದ್ಸಲ ನಿಲ್ಲಪ್ಪ" ಎಂದು ಎಂಜಿನ್ನನ್ನೇ ಬೇಡುತ್ತಿದ್ದ. ಇವತ್ತು ಬ್ಯಾಟರಿಯ ವೈರು ಮುಟ್ಟಿದ್ದೇ ತಡ, ಎಂಜಿನ್ ನಿಂತಿತು. "ಸಿಕ್ಕಿಬಿದ್ದ ಕಳ್ಳ!" ಎಂದು ಕುಣಿದವನು ಎದೆ ಹಿಡಿದು ಕುಸಿದ. "ಈ ವಾರದಲ್ಲಿ ಇದು ಮೂರನೇ ಸಲ" ಎಂದು ನೀರು ತಂದ ಅವನ ಹೆಂಡತಿ ಅತ್ತಳು. "ಆಸ್ಪತ್ರೆಗೆ ನಡೀರಿ!" ಎಂದು ಟೀಚರಮ್ಮ ಕಿರುಚಿದರು. ಅವನು ಬೆವರೊರೆಸಿಕೊಂಡು ಎದ್ದು, ಸ್ಪ್ಯಾನರ್ ಹುಡುಕುತ್ತ ಹೇಳಿದ: "ಬಿಡಿ ಮೇಡಂ, ಈಗ ಸರಿಹೋಯ್ತಲ್ಲ."